ಲೆಕ್ಕಪುಸ್ತಕದಲ್ಲಿ ಕಾಣದ ಅಧ್ಯಾಪಕರ ಗಂಟೆಗಳು

ಪ್ರತಿವರ್ಷ ಪದವಿ ಪರೀಕ್ಷೆಗಳು ಮುಗಿಯುತ್ತಿದ್ದಂತೆ ನಮ್ಮ ಸದಸ್ಯರಲ್ಲಿ ಅನೇಕರು ನನ್ನ ಕಚೇರಿಗೆ ಒಂದೇ ಬಗೆಯ ಬೇಡಿಕೆಯನ್ನು ಹೊತ್ತು ಬರುತ್ತಾರೆ. ಲೆಕ್ಕಪತ್ರ ನೋಡಿಕೊಳ್ಳಲು ಬಿ.ಕಾಂ. ಮುಗಿಸಿದ ಒಬ್ಬ ಹುಡುಗನೋ ಹುಡುಗಿಯೋ ಬೇಕು ಎಂಬುದೇ ಆ ಬೇಡಿಕೆ. ಮೂರು ತಿಂಗಳ ನಂತರ ಅವರೇ ಮತ್ತೊಂದು ದೂರಿನೊಡನೆ ಬರುತ್ತಾರೆ. "ಅಂಕಪಟ್ಟಿಯಲ್ಲಿ ಎಂಬತ್ತು ಪರ್ಸೆಂಟ್ ಇದೆ, ಇ-ಇನ್‌ವಾಯ್ಸ್ ಎಂದರೆ ಕಣ್ಣು ಬಿಡುತ್ತಾನೆ" ಎಂಬ ಮಾತು ನನ್ನ ಕಿವಿಗೆ ಹಳೆಯದಾಗಿದೆ. ದೂರಿನ ಕೊನೆಯಲ್ಲಿ ಬರುವ ತೀರ್ಪೂ ಹಳೆಯದೇ: ಕಾಲೇಜುಗಳು ಸರಿಯಾಗಿ ಕಲಿಸುತ್ತಿಲ್ಲ.

ಈ ತೀರ್ಪನ್ನು ನಾನೂ ಬಹುಕಾಲ ಒಪ್ಪಿಕೊಂಡಿದ್ದೆ. ಇತ್ತೀಚಿನ ವರ್ಷಗಳಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ನಮ್ಮ ಊರಿನ ಕಾಲೇಜುಗಳಲ್ಲಿ ಈಗ ಆನ್‌ಲೈನ್ ಕೋರ್ಸುಗಳ ಮಾತು ಬಲವಾಗಿ ಕೇಳಿಬರುತ್ತಿದೆ. ಹೊಸ ತೆರಿಗೆ ಕಾನೂನು, ಗಣಕೀಕೃತ ಲೆಕ್ಕ, ರಫ್ತು ದಾಖಲೆಗಳಂತಹ ವಿಷಯಗಳನ್ನು ವಿದ್ಯಾರ್ಥಿಗಳಿಗೆ ತಲುಪಿಸಲು ಇದೊಂದು ಉತ್ತಮ ಮಾರ್ಗವೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಕೋರ್ಸುಗಳು ನಡುದಾರಿಯಲ್ಲಿ ನಿಂತುಹೋಗುವುದು ಕ್ಯಾಮೆರಾ ಇಲ್ಲದುದರಿಂದಲೂ ಅಲ್ಲ, ಅಧ್ಯಾಪಕರಿಗೆ ಆಸಕ್ತಿ ಇಲ್ಲದುದರಿಂದಲೂ ಅಲ್ಲ. ಕೋರ್ಸನ್ನು ರೂಪಿಸಲು ಹಾಗೂ ನಡೆಸಲು ಅಧ್ಯಾಪಕರು ವ್ಯಯಿಸುವ ಗಂಟೆಗಳನ್ನು ಯಾವ ಸಂಸ್ಥೆಯೂ ತನ್ನ ಮುಂಗಡಪತ್ರದಲ್ಲಿ ತೋರಿಸದಿರುವುದೇ ಕಾರಣ. ಲೆಕ್ಕಪರಿಶೋಧಕನಾಗಿ ಇದನ್ನು ನಾನು ಬಹಳ ಹಿಂದೆಯೇ ಗಮನಿಸಬೇಕಾಗಿತ್ತು. ಗಮನಿಸದೆ ಹೋದ ಬಗೆಯನ್ನು ಮೊದಲು ನಿವೇದಿಸುತ್ತೇನೆ.

ನಾನೇ ಸಹಿ ಹಾಕಿದ ಮುಂಗಡಪತ್ರ

2020ರಲ್ಲಿ ನಾನು ಒಂದು ಖಾಸಗಿ ಶಿಕ್ಷಣ ಸಂಸ್ಥೆಯ ಖಜಾಂಚಿಯಾಗಿದ್ದೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಹಾಕಿತು. ತರಗತಿಗಳು ಒಮ್ಮೆಲೇ ಫೋನಿನ ಪರದೆಗೆ ವರ್ಗವಾದವು. ಮಳೆಗಾಲದ ಹೊತ್ತಿಗೆ ಆಡಳಿತ ಮಂಡಳಿಯು 'ಡಿಜಿಟಲ್ ಕೊಠಡಿ'ಯೊಂದನ್ನು ಸಿದ್ಧಪಡಿಸಲು ತೀರ್ಮಾನಿಸಿ, ಕ್ಯಾಮೆರಾ, ದೀಪಗಳು, ಸ್ಮಾರ್ಟ್ ಬೋರ್ಡ್ ಮತ್ತು ತಂತ್ರಾಂಶಕ್ಕೆಂದು ಆರು ಲಕ್ಷ ರೂಪಾಯಿಗಳಿಗೂ ಮಿಕ್ಕಿದ ಮೊತ್ತವನ್ನು ಮಂಜೂರು ಮಾಡಿತು. ಮೂರು ದರಪಟ್ಟಿಗಳನ್ನು ತರಿಸಿ, ತಾಳೆ ನೋಡಿ, ಕಡಿಮೆ ದರದವರಿಗೆ ಆದೇಶ ನೀಡಿದೆವು. ಕಾಗದಪತ್ರಗಳೆಲ್ಲ ಕ್ರಮಬದ್ಧವಾಗಿದ್ದವು.

ಅದೇ ಸಭೆಯ ಮುಂದೆ ವಾಣಿಜ್ಯ ವಿಭಾಗದ ಒಬ್ಬ ಉಪನ್ಯಾಸಕಿ ಬರೆದ ಎರಡು ಪುಟದ ಮನವಿಯೂ ಇತ್ತು. ಜಿಎಸ್‌ಟಿ ಕುರಿತು ಕನ್ನಡದಲ್ಲಿ ಒಂದು ಪೂರ್ಣ ಆನ್‌ಲೈನ್ ಕೋರ್ಸನ್ನು ಸಿದ್ಧಪಡಿಸಲು ಅವರು ಮುಂದಾಗಿದ್ದರು. ಕೇಳಿದ್ದು ಮೂರೇ ಮೂರು. ಒಂದು ಸೆಮಿಸ್ಟರಿನ ಮಟ್ಟಿಗೆ ವಾರಕ್ಕೆ ನಾಲ್ಕು ಗಂಟೆ ತರಗತಿಯ ಹೊರೆ ತಗ್ಗಿಸಬೇಕು. ದೃಶ್ಯಗಳನ್ನು ಕತ್ತರಿಸಿ ಜೋಡಿಸಲು ಒಬ್ಬ ಸಹಾಯಕ ಬೇಕು. ಕಾನೂನು ಬದಲಾದಾಗ ಪಾಠವನ್ನು ತಿದ್ದಲು ಪ್ರತಿವರ್ಷ ಸ್ವಲ್ಪ ಹಣ ತೆಗೆದಿಡಬೇಕು. ಆ ಮನವಿಯ ಅಂಚಿನಲ್ಲಿ 'ಅವಕಾಶವಿಲ್ಲ' ಎಂದು ಬರೆದವನು ನಾನೇ. ಸಂಬಳ ಕೊಡುತ್ತಿರುವಾಗ ಗಂಟೆಗೆ ಬೇರೆ ಲೆಕ್ಕವೇಕೆ ಎಂಬುದು ಅಂದಿನ ನನ್ನ ವಾದವಾಗಿತ್ತು. ಸಭೆ ಅದನ್ನು ಒಪ್ಪಿತು.

ಆ ಉಪನ್ಯಾಸಕಿ ಸುಮ್ಮನೆ ಕೂರಲಿಲ್ಲ. ಹಗಲು ತರಗತಿ ಮುಗಿಸಿ, ರಾತ್ರಿ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ತಮ್ಮ ಫೋನಿನಲ್ಲಿಯೇ ಇಪ್ಪತ್ತೆರಡು ಪಾಠಗಳನ್ನು ಧ್ವನಿಮುದ್ರಿಸಿದರು. ಪಾಠಗಳು ಸೊಗಸಾಗಿದ್ದವು. ಅಂಗಡಿಯ ಬಿಲ್ಲನ್ನೇ ಮುಂದಿಟ್ಟುಕೊಂಡು ಹುಟ್ಟುವಳಿ ತೆರಿಗೆ ಯಾವುದು, ಹೂಡುವಳಿ ತೆರಿಗೆ ಯಾವುದು ಎಂದು ಅವರು ವಿವರಿಸಿದ ಬಗೆಯನ್ನು ಕಂಡು ನಾನೇ ಮೆಚ್ಚಿಕೊಂಡೆ. ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಅವುಗಳನ್ನು ನೋಡತೊಡಗಿದರು. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಆ ಕೋರ್ಸಿಗೆ ಅರ್ಧ ಪುಟ ದೊರೆಯಿತು. ಅದರ ವೆಚ್ಚ ಮಾತ್ರ ಲೆಕ್ಕಪತ್ರದಲ್ಲಿ ಸೊನ್ನೆಯಾಗಿಯೇ ಉಳಿಯಿತು.

2022ರ ಜುಲೈ 18ರಂದು ಏನಾಯಿತೆಂಬುದು ನಮ್ಮ ದಿನಸಿ ವ್ಯಾಪಾರಿಗಳಿಗೆ ಚೆನ್ನಾಗಿ ನೆನಪಿರುತ್ತದೆ. ಅಲ್ಲಿಯವರೆಗೆ ನೋಂದಾಯಿತ ಬ್ರಾಂಡ್ ಇದ್ದ ಅಕ್ಕಿ, ಬೇಳೆಗಳಿಗಷ್ಟೇ ಇದ್ದ ಶೇಕಡಾ 5ರ ತೆರಿಗೆಯು, ಅಂದಿನಿಂದ 25 ಕಿಲೋವರೆಗಿನ ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಎಲ್ಲ ಧಾನ್ಯಗಳಿಗೂ ಅನ್ವಯವಾಯಿತು. ಕೋರ್ಸಿನ ಒಂಬತ್ತನೆಯ ಪಾಠ ಇದಕ್ಕೆ ತಕ್ಕಂತೆ ಬದಲಾಗಬೇಕಾಗಿತ್ತು. ಆದರೆ ಉಪನ್ಯಾಸಕಿಯವರ ಮೇಲೆ ಆ ವರ್ಷ ಇನ್ನೊಂದು ವಿಷಯದ ಹೊರೆಯೂ ಬಿದ್ದಿತ್ತು, ತಿದ್ದುಪಡಿಗೆ ಬಿಡುವಿರಲಿಲ್ಲ. ಮರುವರ್ಷ ಅವರು ಬೇರೆ ಉದ್ಯೋಗ ಹಿಡಿದು ಊರು ಬಿಟ್ಟರು. ಪಾಠಗಳು ಮಾತ್ರ ಇದ್ದಂತೆಯೇ ಉಳಿದವು.

ನನ್ನ ಕಕ್ಷಿದಾರರಾದ ಒಬ್ಬ ಅಕ್ಕಿ ವ್ಯಾಪಾರಿಗಳು 2023ರಲ್ಲಿ ಆ ಕಾಲೇಜಿನಿಂದ ಬಂದ ಹುಡುಗನೊಬ್ಬನನ್ನು ಕೆಲಸಕ್ಕೆ ಸೇರಿಸಿಕೊಂಡರು. ಹೊಸ ಬಿಲ್ಲಿಂಗ್ ತಂತ್ರಾಂಶಕ್ಕೆ ಸರಕುಗಳ ಪಟ್ಟಿಯನ್ನು ತುಂಬುವಾಗ ಆತ ಹತ್ತು ಕಿಲೋ ಚೀಲಗಳನ್ನು 'ಬ್ರಾಂಡ್ ಇಲ್ಲದ್ದು, ತೆರಿಗೆ ಇಲ್ಲ' ಎಂದು ನಮೂದಿಸಿದ. ಐದು ತಿಂಗಳ ಮಾರಾಟ ಹಾಗೆಯೇ ನಡೆದುಹೋಯಿತು. ನಾನು ಲೆಕ್ಕ ನೋಡುವಾಗ ವಿಷಯ ಬೆಳಕಿಗೆ ಬಂದಿತು. ಗ್ರಾಹಕರಿಂದ ವಸೂಲಾಗದ ತೆರಿಗೆಯನ್ನು ವ್ಯಾಪಾರಿಗಳು ಶೇಕಡಾ 18ರ ಬಡ್ಡಿಯೊಡನೆ ತಮ್ಮ ಕೈಯಿಂದಲೇ ತೆತ್ತರು. ಹುಡುಗನನ್ನು ಕರೆದು ಕೇಳಿದಾಗ ಆತ ತಲೆ ತಗ್ಗಿಸಿ, "ಕಾಲೇಜಿನ ಪಾಠದಲ್ಲಿ ಹಾಗೇ ಇತ್ತು ಸಾರ್" ಎಂದ. ಆತ ಹೇಳಿದ್ದು ನಿಜವಾಗಿತ್ತು. ಆ ಪಾಠ ತಿದ್ದುಪಡಿಯಾಗದಂತೆ ನೋಡಿಕೊಂಡ ಷರಾ ನನ್ನ ಕೈಬರಹದಲ್ಲಿತ್ತು.

ಪಾಠ ಮುದ್ರಿಸುವುದೇ ಕೋರ್ಸ್ ಅಲ್ಲ

ಆ ಬಳಿಕ ಈ ವಿಷಯವನ್ನು ಸ್ವಲ್ಪ ಗಂಭೀರವಾಗಿ ಅಭ್ಯಾಸ ಮಾಡಿದೆ. ಮೊದಲು ತಿಳಿದುಬಂದ ಸಂಗತಿಯೆಂದರೆ, 2020ರಲ್ಲಿ ನಾವೆಲ್ಲ ಕಂಡದ್ದು ಆನ್‌ಲೈನ್ ಶಿಕ್ಷಣವೇ ಅಲ್ಲ ಎಂಬುದು. ಅಮೆರಿಕದ 'ಎಜುಕಾಸ್ ರಿವ್ಯೂ' ಪತ್ರಿಕೆಯಲ್ಲಿ ಚಾರ್ಲ್ಸ್ ಹಾಡ್ಜಸ್ ಮತ್ತು ಸಂಗಡಿಗರು 2020ರ ಮಾರ್ಚ್‌ನಲ್ಲಿಯೇ ಇವೆರಡರ ವ್ಯತ್ಯಾಸವನ್ನು ಸ್ಪಷ್ಟಪಡಿಸಿದ್ದರು. ವಿಪತ್ತಿನ ವೇಳೆಯಲ್ಲಿ ತರಗತಿಯನ್ನು ದೂರದಿಂದ ನಡೆಸುವುದು ಒಂದು ತಾತ್ಕಾಲಿಕ ಏರ್ಪಾಡು. ವಿಶ್ವವಿದ್ಯಾನಿಲಯ ಮಟ್ಟದ ಒಂದು ಪೂರ್ಣ ಆನ್‌ಲೈನ್ ಕೋರ್ಸಿಗೆ, ಪಾಠ ಆರಂಭವಾಗುವ ಮೊದಲೇ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ಸಿದ್ಧತೆ ಬೇಕು ಎಂಬುದು ಅವರ ಅಭಿಪ್ರಾಯ.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಆರಂಭಿಸಿದಾಗ ಒಬ್ಬ ಅಧ್ಯಾಪಕನ ತಲೆಯ ಮೇಲೆ ಎಲ್ಲ ಹೊರೆಯನ್ನೂ ಹೇರಲಿಲ್ಲ. ವಿಷಯತಜ್ಞರು, ಸಂಪಾದಕರು, ಪ್ರಸಾರ ಬಲ್ಲವರು ಸೇರಿದ ತಂಡವೊಂದು ಪ್ರತಿ ಕೋರ್ಸನ್ನು ರೂಪಿಸುವ ಪದ್ಧತಿಯನ್ನು ಅದು ಬೆಳೆಸಿತು. ನಮ್ಮಲ್ಲಿಯೂ ಇಂತಹ ಪರಂಪರೆ ಇಲ್ಲದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣದ ಮೂಲಕ, 1996ರ ನಂತರ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ನಮ್ಮ ಎಷ್ಟೋ ಗುಮಾಸ್ತರು ಅಂಗಡಿಯ ಗಲ್ಲದ ಪಕ್ಕದಲ್ಲಿಯೇ ಕುಳಿತು ಓದಿ ಪದವಿ ಪಡೆದಿದ್ದಾರೆ. ಅಂಚೆಯಲ್ಲಿ ಬರುತ್ತಿದ್ದ ಆ ಪಾಠಗಳ ಹಿಂದೆ ಬರೆಯುವವರು, ತಿದ್ದುವವರು, ಉತ್ತರ ಪರಿಶೀಲಿಸುವವರು ಬೇರೆ ಬೇರೆಯಾಗಿ ಇರುತ್ತಿದ್ದರು. ಇಂದು ಅದೇ ಕೆಲಸವನ್ನೆಲ್ಲ ಒಬ್ಬರೇ ಉಪನ್ಯಾಸಕರು, ಅದೂ ಬಿಡುವಿನ ವೇಳೆಯಲ್ಲಿ ಮಾಡಲಿ ಎಂದು ನಾವು ನಿರೀಕ್ಷಿಸುತ್ತಿದ್ದೇವೆ.

ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಅಲ್ಲಿನ ಕೋರ್ಸಿಗೆ ನಾಲ್ಕು ಅಂಗಗಳಿರಬೇಕೆಂಬ ನಿಯಮವಿದೆ: ದೃಶ್ಯಪಾಠ, ಓದುವ ಸಾಮಗ್ರಿ, ಪ್ರಶ್ನೋತ್ತರದ ಚರ್ಚೆ ಮತ್ತು ಸ್ವಯಂ ಪರೀಕ್ಷೆ. ಈ ನಾಲ್ಕರಲ್ಲಿ ನಮ್ಮ ಆಡಳಿತ ಮಂಡಳಿಗಳ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ಉಳಿದ ಮೂರರಲ್ಲಿಯೇ ಕಲಿಕೆಯ ಹೆಚ್ಚಿನ ಭಾಗ ಅಡಗಿದೆ, ಅಧ್ಯಾಪಕರ ಹೆಚ್ಚಿನ ಶ್ರಮವೂ ಅಲ್ಲಿಯೇ ಇದೆ. ಅರವತ್ತು ಮಂದಿಯ ತರಗತಿಯಲ್ಲಿ ಯಾರಿಗೆ ಅರ್ಥವಾಗಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತದೆ. ಆನ್‌ಲೈನಿನಲ್ಲಿ ಅದನ್ನು ಪ್ರಶ್ನೆ ಕೇಳಿ, ಅಭ್ಯಾಸ ಕೊಟ್ಟು, ಉತ್ತರ ನೋಡಿ ತಿಳಿಯಬೇಕಾಗುತ್ತದೆ. ದಿನದ ಡೇಟಾ ಮುಗಿದ ವಿದ್ಯಾರ್ಥಿಯೊಬ್ಬ ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆಪ್‌ನಲ್ಲಿ ಸಂದೇಹ ಬರೆದರೆ ಅದಕ್ಕೂ ಯಾರಾದರೂ ಉತ್ತರಿಸಬೇಕು. ಮುದ್ರಿಸಿದ ಮೇಲೆ ಅಧ್ಯಾಪಕರಿಗೆ ಕೆಲಸವೇ ಇಲ್ಲ ಎಂಬ ತಿಳಿವಳಿಕೆಗೆ ಆಧಾರವಿಲ್ಲ.

ಲೆಕ್ಕ ಹಾಕಿ ನೋಡೋಣ

ಲೆಕ್ಕಶಾಸ್ತ್ರದ ಮಾತಿಗೇ ಬರೋಣ. ಅಮೂರ್ತ ಆಸ್ತಿಗಳಿಗೆ ಸಂಬಂಧಿಸಿದ 26ನೆಯ ಲೆಕ್ಕ ಮಾನದಂಡವು ಸಂಸ್ಥೆ ತಾನೇ ನಿರ್ಮಿಸಿಕೊಂಡ ಆಸ್ತಿಯ ವೆಚ್ಚದಲ್ಲಿ, ಅದರ ನಿರ್ಮಾಣದಲ್ಲಿ ನೇರವಾಗಿ ತೊಡಗಿದ ಸಿಬ್ಬಂದಿಯ ಸಂಬಳವನ್ನೂ ಸೇರಿಸಬೇಕೆಂದು ಹೇಳುತ್ತದೆ. ಸಾಮಾನ್ಯವಾಗಿ ಇಂತಹ ಆಸ್ತಿಯ ಆಯುಷ್ಯ ಹತ್ತು ವರ್ಷ ಮೀರದೆಂದೂ ಭಾವಿಸುತ್ತದೆ. ತಂತ್ರಾಂಶ ಕಂಪನಿಯೊಂದರ ಲೆಕ್ಕ ನೋಡುವಾಗ ಈ ಸೂತ್ರವನ್ನು ನಾನು ತಪ್ಪದೆ ಅನ್ವಯಿಸುತ್ತೇನೆ. ಕಾಲೇಜಿನ ಕೋರ್ಸಿನ ವಿಷಯದಲ್ಲಿ ಅದೇ ಸೂತ್ರ ನನಗೆ ನೆನಪಾಗಲಿಲ್ಲ.

ಅಂದಾಜು ಸಿಗಲೆಂದು ಇ-ಇನ್‌ವಾಯ್ಸ್ ಕುರಿತು ಇಪ್ಪತ್ತು ನಿಮಿಷದ ಒಂದು ಪಾಠವನ್ನು ನಾನೇ ಸಿದ್ಧಪಡಿಸಿ ನೋಡಿದೆ. ಟಿಪ್ಪಣಿ ಬರೆದು, ಮಾದರಿ ಬಿಲ್ಲು ತಯಾರಿಸಿ, ಮಾತನಾಡಿ, ತಪ್ಪಿದಲ್ಲಿ ಮತ್ತೆ ಮಾತನಾಡಿ, ಐದು ಪ್ರಶ್ನೆಗಳನ್ನು ಹೊಂದಿಸುವಷ್ಟರಲ್ಲಿ ಹತ್ತು ಗಂಟೆಗಳು ಕಳೆದವು. ಅನುಭವಸ್ಥರಿಗೆ ಕಡಿಮೆ ಹಿಡಿಯಬಹುದು, ಹೊಸಬರಿಗೆ ಹೆಚ್ಚೂ ಹಿಡಿಯಬಹುದು. ಉದಾಹರಣೆಗಾಗಿ ಅದನ್ನೇ ಹಿಡಿಯೋಣ.

ಇಪ್ಪತ್ತು ಪಾಠಗಳ ಒಂದು ಚಿಕ್ಕ ಕೋರ್ಸಿಗೆ 200 ಗಂಟೆ. ಓದುವ ಸಾಮಗ್ರಿ ಮತ್ತು ಪ್ರಶ್ನಾಕೋಶಕ್ಕೆ 60 ಗಂಟೆ. ಸೆಮಿಸ್ಟರಿನ ಹದಿನೈದು ವಾರಗಳಲ್ಲಿ ವಾರಕ್ಕೆ ನಾಲ್ಕು ಗಂಟೆಯಂತೆ ಸಂದೇಹ ಪರಿಹಾರ ಹಾಗೂ ಮೌಲ್ಯಮಾಪನಕ್ಕೆ ವರ್ಷಕ್ಕೆ 60 ಗಂಟೆ. ಎರಡನೆಯ ಮತ್ತು ಮೂರನೆಯ ವರ್ಷ ತಿದ್ದುಪಡಿಗೆ ತಲಾ 50 ಗಂಟೆ. ಹೀಗೆ ಮೂರು ವರ್ಷಗಳಲ್ಲಿ ಒಟ್ಟು 540 ಗಂಟೆ. ಗಂಟೆಗೆ 500 ರೂಪಾಯಿಯಂತೆ ಹಿಡಿದರೆ 2,70,000 ರೂಪಾಯಿ. ಸಾಧಾರಣ ಮಟ್ಟದ ಮೈಕು, ದೀಪ, ಕ್ಯಾಮೆರಾಗಳಿಗೆ 60,000 ರೂಪಾಯಿ ಸೇರಿಸಿದರೆ ಒಟ್ಟು ವೆಚ್ಚ 3,30,000 ರೂಪಾಯಿ. ವರ್ಷಕ್ಕೆ 200 ವಿದ್ಯಾರ್ಥಿಗಳು ಕಲಿತರೆ ಒಬ್ಬರಿಗೆ ತಗಲುವ ವೆಚ್ಚ 550 ರೂಪಾಯಿ.

ಈ ಲೆಕ್ಕದಲ್ಲಿ ಎರಡು ಸಂಗತಿಗಳು ಎದ್ದುಕಾಣುತ್ತವೆ. ಮೊದಲನೆಯದು, ಉಪಕರಣದ ಪಾಲು ಐದರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಮನುಷ್ಯರ ಸಮಯ. ನಮ್ಮ ಮಂಡಳಿ ಆರು ಲಕ್ಷವನ್ನೂ ಉಪಕರಣಕ್ಕೇ ಸುರಿಯಿತು. ಎತ್ತು ಕೊಂಡವರು ಮೇವಿಗೆ ಕಾಸು ಇಡದಂತಾಯಿತು. ಎರಡನೆಯದು, 550 ರೂಪಾಯಿ ಎಂಬುದು ದೊಡ್ಡ ಮೊತ್ತವೇನಲ್ಲ. ಜಿಎಸ್‌ಟಿಆರ್-3ಬಿ ನಮೂನೆ ಸಲ್ಲಿಸಲು ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ತೆರುತ್ತೇವೆ. ಹನ್ನೊಂದು ದಿನ ತಡಮಾಡುವ ಒಬ್ಬ ಅರೆಕಲಿತ ಗುಮಾಸ್ತನಿಂದ ಒಂದೇ ತಿಂಗಳಲ್ಲಿ ಆಗುವ ನಷ್ಟ ಅಷ್ಟೇ ಇದೆ.

ಕೋರ್ಸಿಗೂ ದುರಸ್ತಿ ಬೇಕು

ಯಂತ್ರವೊಂದನ್ನು ಕೊಂಡರೆ ಅದರ ವಾರ್ಷಿಕ ನಿರ್ವಹಣೆಗೆ ಒಪ್ಪಂದ ಮಾಡಿಕೊಳ್ಳುವುದು ನಮಗೆ ಅಭ್ಯಾಸ. ಎಣ್ಣೆ ಬಿಡದ ಲೇತ್ ಎಷ್ಟು ದಿನ ತಿರುಗೀತು ಎಂಬುದು ಸಣ್ಣ ಕೈಗಾರಿಕೆಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಕೋರ್ಸಿನ ಸ್ಥಿತಿಯೂ ಹೀಗೆಯೇ. ವಾಣಿಜ್ಯ ವಿಷಯಗಳಲ್ಲಂತೂ ಸವೆತ ಬಹಳ ಬೇಗ.

ಕಳೆದ ಕೆಲವು ವರ್ಷಗಳನ್ನೇ ನೋಡಿ. ಇ-ಇನ್‌ವಾಯ್ಸ್ ಕಡ್ಡಾಯದ ಮಿತಿ 2023ರ ಆಗಸ್ಟ್ 1ರಿಂದ ಐದು ಕೋಟಿ ರೂಪಾಯಿಗಳ ವಹಿವಾಟಿಗೆ ಇಳಿಯಿತು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕಾನೂನಿನ ಗಡುವಿನೊಳಗೆ ಹಣ ಪಾವತಿಸದಿದ್ದರೆ ಆ ವರ್ಷ ಆ ಖರ್ಚನ್ನು ಕಳೆಯಲು ಬಿಡದ ನಿಯಮ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ 12 ಮತ್ತು 28ರ ದರಗಳು ಬಹುಮಟ್ಟಿಗೆ ತೆರವಾಗಿ 5 ಮತ್ತು 18 ಮುಖ್ಯ ದರಗಳಾದವು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆ ಬಂದು, ಅದರ ಜಾರಿಯ ದಿನ 2026ರ ಏಪ್ರಿಲ್ 1 ಎಂದು ನಿಗದಿಯಾಯಿತು. ಕಲಮುಗಳ ಸಂಖ್ಯೆಗಳೆಲ್ಲ ಅದರಲ್ಲಿ ಬದಲಾಗಿವೆ.

ಕಾನೂನು ಮಾತ್ರವಲ್ಲ, ಪಠ್ಯಕ್ರಮವೂ ಬದಲಾಗುತ್ತದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷದ ಪದವಿಯ ಪಠ್ಯಕ್ರಮ ಬಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಮೊದಲ ಪಠ್ಯಕ್ರಮವನ್ನು ನಂಬಿ ಕೋರ್ಸ್ ಕಟ್ಟಿದ ಅಧ್ಯಾಪಕರು ಅದನ್ನು ಮತ್ತೆ ಬಿಚ್ಚಿ ಕಟ್ಟಬೇಕಾಯಿತು. ಅದಕ್ಕಾಗಿ ಅವರಿಗೆ ಯಾರು ಸಮಯ ಕೊಟ್ಟರು? ಅನೇಕ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗದ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾನು ಇಲ್ಲಿಯೇ ಇರುತ್ತೇನೋ ಇಲ್ಲವೋ ಎಂಬುದನ್ನು ಅರಿಯದವರು ಮೂರು ವರ್ಷ ಬಾಳುವ ಕೋರ್ಸನ್ನು ಯಾವ ಧೈರ್ಯದಿಂದ ಕಟ್ಟಿಯಾರು?

ಕೆಲವು ಆಕ್ಷೇಪಣೆಗಳು

ಐಐಟಿ, ಐಐಎಂಗಳ ಕೋರ್ಸುಗಳು ಸಿದ್ಧವಿರುವಾಗ ನಮ್ಮ ಊರಿನ ಕಾಲೇಜು ಬೇರೆ ಕೋರ್ಸ್ ಮಾಡುವುದೇಕೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ಇದು ತೂಕದ ಪ್ರಶ್ನೆಯೇ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಪಾಠಗಳು ಉತ್ತಮವಾಗಿವೆ. ಸ್ವಯಂ ವೇದಿಕೆಯಲ್ಲಿ ವ್ಯವಸ್ಥಾಪನಾ ಶಾಸ್ತ್ರದ ಕೋರ್ಸುಗಳ ಹೊಣೆಯನ್ನು ಬೆಂಗಳೂರಿನ ಐಐಎಂ ಹೊತ್ತಿದೆ. ಸ್ವಯಂ ಮೂಲಕ ಗಳಿಸಿದ ಕ್ರೆಡಿಟ್‌ಗಳನ್ನು ಕಾಲೇಜುಗಳು ಮಾನ್ಯ ಮಾಡಬಹುದೆಂದು ಯುಜಿಸಿ 2016ರಲ್ಲಿ ನಿಯಮ ಮಾಡಿತು. ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 20ರಷ್ಟಿದ್ದ ಮಿತಿಯನ್ನು 2021ರಲ್ಲಿ ಶೇಕಡಾ 40ಕ್ಕೆ ಏರಿಸಿತು. ಈ ಅವಕಾಶವನ್ನು ನಮ್ಮ ವಿದ್ಯಾರ್ಥಿಗಳು ಧಾರಾಳವಾಗಿ ಬಳಸಿಕೊಳ್ಳಬೇಕು.

ಆದರೆ ಸಾಮಾನ್ಯ ತತ್ತ್ವವನ್ನು ಅಲ್ಲಿ ಕಲಿತರೂ, ಎಪಿಎಂಸಿ ಯಾರ್ಡಿನ ದಲ್ಲಾಳಿಯ ಪಟ್ಟಿಯನ್ನು ಖಾತೆಗೆ ಏರಿಸುವ ಬಗೆ, ಜಾಬ್‌ವರ್ಕಿಗೆ ಹೋದ ಸರಕಿನ ಚಲನ್ ಬರೆಯುವ ಬಗೆ, ನಮ್ಮ ಹಂಗಾಮಿನ ಉದ್ದರಿ ವ್ಯವಹಾರದ ರೀತಿ ಅಲ್ಲಿ ದೊರೆಯುವುದಿಲ್ಲ. ಹಳ್ಳಿಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಇಂಗ್ಲಿಷ್ ಉಪನ್ಯಾಸವನ್ನು ತನ್ನ ಮಾತಿಗೆ ತಿರುಗಿಸಿ ಹೇಳುವವರೂ ಬೇಕು. ಹೊರಗಿನ ಕೋರ್ಸನ್ನು ಬಳಸಿಕೊಂಡರೂ ಅದರ ಜೊತೆಗೆ ಅಭ್ಯಾಸ ಮಾಡಿಸಿ, ಸಂದೇಹ ಬಿಡಿಸುವ ಸ್ಥಳೀಯ ಅಧ್ಯಾಪಕರ ಗಂಟೆಗಳು ಖರ್ಚಾಗಿಯೇ ತೀರುತ್ತವೆ.

ಕೃತಕ ಬುದ್ಧಿಮತ್ತೆಯೇ ಈಗ ಪಾಠ ಬರೆದುಕೊಡುತ್ತದಲ್ಲ ಎಂಬುದು ಹೊಸ ಆಕ್ಷೇಪಣೆ. ಕರಡು ತಯಾರಿಸಲು, ಅಡಿಬರಹ ಹಾಕಲು ಅದು ನೆರವಾದೀತು. ಗಂಟೆಗಳೂ ಸ್ವಲ್ಪ ಉಳಿದಾವು. ಆದರೆ ಯಂತ್ರ ಕೊಟ್ಟ ತೆರಿಗೆ ದರ ಇಂದಿನದೋ ನಿನ್ನೆಯದೋ ಎಂದು ತಾಳೆ ನೋಡುವ ಹೊಣೆ ವಿಷಯ ಬಲ್ಲವರದೇ. ಗುಮಾಸ್ತ ಬರೆದ ರೋಜನಾಮೆಗೆ ಪರಿಶೋಧಕರು ಬೇಡ ಎಂದು ಯಾರೂ ಹೇಳುವುದಿಲ್ಲವಷ್ಟೆ.

ಇದೆಲ್ಲ ಸರ್ಕಾರದ ಕೆಲಸ, ವ್ಯಾಪಾರಿಗಳಿಗೇಕೆ ಎಂಬುದು ಕೊನೆಯ ಆಕ್ಷೇಪಣೆ. ಸರ್ಕಾರದ ಹೊಣೆ ಇದೆ, ನಿಜ. ಹಾಗೆಂದು ನಮ್ಮ ಪಾತ್ರ ಇಲ್ಲದಿಲ್ಲ. ಈ ಜಿಲ್ಲೆಯ ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ಸದಸ್ಯರೇ ಕುಳಿತಿದ್ದಾರೆ. ಕಟ್ಟಡಕ್ಕೆ ದಾನ ಕೊಟ್ಟು ಗೋಡೆಯ ಮೇಲೆ ಹೆಸರು ಕೆತ್ತಿಸಿದವರೂ ನಾವೇ. ಕಲಿತು ಹೊರಬಂದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವವರೂ ನಾವೇ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಮಂಡಳಿಗಳಲ್ಲಿರುವ ಸದಸ್ಯರು ಮುಂಗಡಪತ್ರದಲ್ಲಿ 'ಕೋರ್ಸ್ ರಚನೆ ಮತ್ತು ನಿರ್ವಹಣೆ' ಎಂಬ ಪ್ರತ್ಯೇಕ ಬಾಬ್ತನ್ನು ತೆರೆಯಿಸಬೇಕು. ಕೋರ್ಸ್ ಕಟ್ಟುವ ಅಧ್ಯಾಪಕರಿಗೆ ಒಂದು ಸೆಮಿಸ್ಟರಿನ ಮಟ್ಟಿಗೆ ತರಗತಿಯ ಹೊರೆ ಇಳಿಸಿ, ಆ ತರಗತಿಗಳಿಗೆ ಬದಲಿ ಉಪನ್ಯಾಸಕರನ್ನು ನೇಮಿಸಲು ಆ ಹಣ ಬಳಕೆಯಾಗಲಿ. ಮೌಖಿಕ ಭರವಸೆ ಸಾಲದು. ವೇಳಾಪಟ್ಟಿಯಲ್ಲಿಯೇ ಆ ಗಂಟೆಗಳು ಕಾಣಬೇಕು.

ಎರಡನೆಯದಾಗಿ, ಪ್ರತಿ ಕಾಲೇಜೂ ಒಂದೊಂದು ಸ್ಟುಡಿಯೋ ಕಟ್ಟುವ ಬದಲು ತಾಲ್ಲೂಕಿನ ಮೂರು ನಾಲ್ಕು ಕಾಲೇಜುಗಳು ಸೇರಿ ಒಬ್ಬ ನುರಿತ ತಾಂತ್ರಿಕ ಸಹಾಯಕರನ್ನು ಇಟ್ಟುಕೊಳ್ಳಲಿ. ಧ್ವನಿ ಸರಿಪಡಿಸುವುದು, ಕಡಿಮೆ ಡೇಟಾದಲ್ಲಿ ತೆರೆಯುವಂತೆ ಕಡತವನ್ನು ಚಿಕ್ಕದಾಗಿಸುವುದು, ಅಡಿಬರಹ ಹಾಕುವುದು ಅವರ ಕೆಲಸ. ಅಧ್ಯಾಪಕರು ಪಾಠದ ಕಡೆ ಗಮನ ಕೊಡಲಿ. ಈ ಸಂಬಳದ ಒಂದು ಪಾಲನ್ನು ನಮ್ಮ ಸಂಸ್ಥೆ ಹೊರಬಹುದು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಸಾಮಾಜಿಕ ಹೊಣೆಗಾರಿಕೆಗೆ ನಮ್ಮಲ್ಲಿ ಬಹುಪಾಲು ಸದಸ್ಯರು ಒಳಪಡುವುದಿಲ್ಲ; ಒಳಪಡುವ ಕೆಲವರಿಗೆ ಶಿಕ್ಷಣವು ಏಳನೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿ ಸೇರಿದ ಬಾಬ್ತು ಎಂಬುದನ್ನು ನೆನಪಿಸುತ್ತೇನೆ.

ಮೂರನೆಯದಾಗಿ, ಹಣಕ್ಕಿಂತಲೂ ಬೆಲೆಬಾಳುವ ವಸ್ತುವೊಂದು ನಮ್ಮ ಬಳಿ ಇದೆ. ಅದು ನಮ್ಮ ಕಾಗದಪತ್ರ. ಹೆಸರು, ನೋಂದಣಿ ಸಂಖ್ಯೆಗಳನ್ನು ಅಳಿಸಿದ ಬಿಲ್ಲುಗಳು, ಇ-ವೇ ಬಿಲ್ಲುಗಳು, ದಾಸ್ತಾನು ಪುಸ್ತಕದ ಪುಟಗಳು, ಬ್ಯಾಂಕಿನ ತಾಳೆಪಟ್ಟಿಗಳು ಅಧ್ಯಾಪಕರ ಕೈಗೆ ಸಿಕ್ಕರೆ ಕೋರ್ಸಿನ ಅಭ್ಯಾಸಗಳಿಗೆ ಜೀವ ಬರುತ್ತದೆ. ಪಠ್ಯಪುಸ್ತಕದ 'ಎ' ಮತ್ತು 'ಬಿ' ಎಂಬ ಪಾಲುದಾರರ ಲೆಕ್ಕವನ್ನೇ ಮೂರು ವರ್ಷ ಮಾಡಿದ ಹುಡುಗ ನಿಜವಾದ ಬಿಲ್ಲು ಕಂಡಾಗ ತಡವರಿಸುವುದು ಸಹಜ. ಒಬ್ಬೊಬ್ಬ ಸದಸ್ಯರು ತಮ್ಮ ವ್ಯವಹಾರದ ಒಂದು ಹಂತವನ್ನು ಹತ್ತು ನಿಮಿಷ ವಿವರಿಸಿ ಧ್ವನಿಮುದ್ರಿಸಿಕೊಡುವುದೂ ಕಷ್ಟವಲ್ಲ.

ನಾಲ್ಕನೆಯದಾಗಿ, ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಒಡೆತನ ಮಾಲೀಕರದು. ಬಿಡುವಿನ ವೇಳೆಯಲ್ಲಿ ಸ್ವಂತ ಫೋನಿನಲ್ಲಿ ಮಾಡಿದ ಪಾಠ ಯಾರದು ಎಂಬ ವ್ಯಾಜ್ಯಕ್ಕೆ ಇಲ್ಲಿ ಎಡೆಯಿದೆ. ಅಧ್ಯಾಪಕರ ಹೆಸರು ಉಳಿಯುವುದು, ಅವರು ಬಿಟ್ಟುಹೋದರೆ ಪಾಠ ಬಳಸುವ ಬಗೆ, ತಿದ್ದುಪಡಿ ಯಾರ ಹೊಣೆ ಎಂಬುದನ್ನೆಲ್ಲ ಒಂದು ಪುಟದ ಕರಾರಿನಲ್ಲಿ ಮೊದಲೇ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ. ಸೇವಾ ದಾಖಲೆಯಲ್ಲಿಯೂ ಈ ಶ್ರಮಕ್ಕೆ ಸ್ಥಾನ ದೊರೆಯಬೇಕು. ನಾಲ್ಕು ಕ್ರೆಡಿಟ್‌ಗಳ ಪೂರ್ಣ ಆನ್‌ಲೈನ್ ಕೋರ್ಸ್ ರಚಿಸಿದವರಿಗೆ ಯುಜಿಸಿಯ 2018ರ ನಿಯಮಾವಳಿ 20 ಅಂಕಗಳನ್ನು ಗೊತ್ತುಪಡಿಸಿತ್ತು. ಖಾಸಗಿ ಮಂಡಳಿಗಳು ಬಡ್ತಿ, ವೇತನ ನಿರ್ಧರಿಸುವಾಗ ಅದೇ ಮಾದರಿಯನ್ನು ಅನುಸರಿಸಬಹುದು.

ಐದನೆಯದಾಗಿ, ಪ್ರತಿವರ್ಷ ಕೇಂದ್ರದ ಮುಂಗಡಪತ್ರ ಮಂಡನೆಯಾದ ಮೇಲೆ ನಮ್ಮ ಸಂಸ್ಥೆಯು ಸದಸ್ಯರಿಗಾಗಿ ನಡೆಸುವ ವಿಚಾರಗೋಷ್ಠಿಗೆ ಕಾಲೇಜುಗಳ ವಾಣಿಜ್ಯ ಅಧ್ಯಾಪಕರನ್ನೂ ಆಹ್ವಾನಿಸೋಣ. ಅಲ್ಲಿಂದ ಮರಳಿದವರು ತಮ್ಮ ಕೋರ್ಸಿನ ಯಾವ ಪಾಠ ಹಳತಾಯಿತೆಂದು ಗುರುತಿಸಲಿ. ನಾನು ಮತ್ತು ನನ್ನ ವೃತ್ತಿಬಾಂಧವರು ತಿದ್ದಿದ ಪಾಠಗಳನ್ನು ಪರಿಶೀಲಿಸಿಕೊಡಲು ಸಿದ್ಧರಿದ್ದೇವೆ. ಪಾಠದ ಆರಂಭದಲ್ಲಿಯೇ 'ಇಂತಹ ದಿನಾಂಕದವರೆಗಿನ ಕಾನೂನು' ಎಂಬ ಸೂಚನೆ ಇರಲಿ. ಔಷಧಿಯ ಚೀಟಿಯ ಮೇಲೆ ಅವಧಿ ಮುಗಿಯುವ ದಿನಾಂಕ ಇರುವಂತೆ ಇದೂ ಇರಬೇಕು.

ಸ್ವಾಮಿಕಾರ್ಯದೊಡನೆ ಸ್ವಕಾರ್ಯವೂ ಆಗುವ ಸಂದರ್ಭಗಳು ವ್ಯಾಪಾರದಲ್ಲಿ ಅಪರೂಪ. ಇದು ಅಂತಹದೊಂದು ಸಂದರ್ಭ. ಅಧ್ಯಾಪಕರ ಗಂಟೆಗೆ ಬೆಲೆ ಕಟ್ಟಿ ಕೊಟ್ಟರೆ ಅದರ ಫಲ ನಮ್ಮ ಅಂಗಡಿಗಳ, ಕಾರ್ಖಾನೆಗಳ ಲೆಕ್ಕದ ಮೇಜಿಗೇ ಬಂದು ಸೇರುತ್ತದೆ. ಕೊಡದಿದ್ದರೆ ಅದೇ ಮೊತ್ತವನ್ನು ದಂಡ, ಬಡ್ಡಿ, ವಿಳಂಬ ಶುಲ್ಕಗಳ ರೂಪದಲ್ಲಿ ಬೇರೊಂದು ಕಡೆ ಪಾವತಿಸುತ್ತೇವೆ.

ಆ ಉಪನ್ಯಾಸಕಿಯವರ ಎರಡು ಪುಟದ ಮನವಿಯ ಪ್ರತಿಯನ್ನು ಸಂಸ್ಥೆಯ ಕಡತದಿಂದ ತೆಗೆಸಿ ನನ್ನ ಮೇಜಿನ ಗಾಜಿನ ಕೆಳಗೆ ಇರಿಸಿಕೊಂಡಿದ್ದೇನೆ. ಅವರು ಕೇಳಿದ್ದ ಸಮಯ, ಸಹಾಯಕ ಮತ್ತು ವಾರ್ಷಿಕ ತಿದ್ದುಪಡಿಯ ಹಣ, ಈ ಮೂರಕ್ಕಿಂತ ಹೆಚ್ಚಿನದೇನನ್ನೂ ನಾನು ಇಲ್ಲಿ ಹೊಸದಾಗಿ ಸೂಚಿಸಿಲ್ಲವೆಂದೇ ಹೇಳಬಹುದು. ಮುಂದಿನ ಶೈಕ್ಷಣಿಕ ವರ್ಷದ ಮುಂಗಡಪತ್ರಗಳು ನಮ್ಮ ಸದಸ್ಯರು ಕುಳಿತಿರುವ ಮಂಡಳಿಗಳ ಮುಂದೆ ಬರಲಿವೆ. ಇಂತಹದೇ ಮನವಿಯೊಂದು ಅವುಗಳ ಜೊತೆಗೆ ಲಗತ್ತಾಗಿದ್ದರೆ, ಅಂಚಿನಲ್ಲಿ ಷರಾ ಬರೆಯುವ ಮೊದಲು ಒಮ್ಮೆ ಗಂಟೆಗಳ ಲೆಕ್ಕ ಹಾಕಿ ನೋಡಬೇಕೆಂದು ನನ್ನ ವಿನಂತಿ.